ಮಗುವಿನ ತಲೆಬುರುಡೆಗೆ ಆಪರೇಷನ್: ಈಗಲೇ ಸಣ್ಣದೋ, ಆಮೇಲೆ ದೊಡ್ಡದೋ?

ಬುರುಡೆಯ ಎಲುಬುಗಳ ನಡುವಿನ ಸಂದು ಹೊತ್ತಿಗೆ ಮುನ್ನವೇ ಬೆಸೆದು ಮಗುವಿನ ತಲೆಯ ಆಕಾರ ಕೆಟ್ಟಿದೆ, ಆಪರೇಷನ್ ಬೇಕು. 'ಮಗುವಿಗೆ ನಾಲ್ಕು ತಿಂಗಳು ತುಂಬುವುದರೊಳಗೆ ಮಾಡಿಸಿಬಿಡಿ. ಎರಡು ಸಣ್ಣ ಗಾಯ, ಮರುದಿನವೋ ಅದರ ಮಾರನೇ ದಿನವೋ ಮನೆಗೆ ಹೋಗಬಹುದು' ಎನ್ನುತ್ತಾರೆ ಒಬ್ಬ ಡಾಕ್ಟರು. 'ಆತುರ ಬೇಡ, ಒಂಬತ್ತು ತಿಂಗಳಾಗಲಿ, ತಲೆ ತೆರೆದು ಒಂದೇ ಸಲಕ್ಕೆ ಸರಿಯಾಗಿ ಮಾಡೋಣ' ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಹೆಸರಾದವರೇ. ಮನೆಗೆ ಬಂದು ಮಗುವಿನ ತಲೆ ಸವರುತ್ತ ಕೂತ ಅಪ್ಪ ಅಮ್ಮನಿಗೆ ಯಾರ ಮಾತು ಹಿಡಿಯಬೇಕೆಂದು ತೋಚುವುದಿಲ್ಲ. ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೂ ಇದೇ.

ಇಂಥ ಕಡೆ ಸಾಮಾನ್ಯವಾಗಿ ಇಬ್ಬರು ಡಾಕ್ಟರೂ ಸರಿಯಾಗಿಯೇ ಹೇಳುತ್ತಿರುತ್ತಾರೆ. ತಾವು ದಿನನಿತ್ಯ ಮಾಡುವ, ತಮ್ಮ ಕೈಗೆ ಪಳಗಿದ ವಿಧಾನವನ್ನು ಹೇಳುತ್ತಿರುತ್ತಾರೆ, ಅಷ್ಟೇ. ಹಾಗಾಗಿ 'ಯಾವ ಆಪರೇಷನ್ ಒಳ್ಳೆಯದು' ಎಂದು ಶುರು ಮಾಡಿದರೆ ದಾರಿ ತಪ್ಪುತ್ತದೆ. ಮಗುವಿಗೆ ಈಗ ಎಷ್ಟು ತಿಂಗಳು, ಬುರುಡೆಯ ಯಾವ ಸಂದು ಮುಚ್ಚಿದೆ ಎಂಬ ಎರಡು ಮಾತಿನಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಉಳಿದರ್ಧ ನಿಮ್ಮ ಮನೆ ಏನನ್ನು ನಿಭಾಯಿಸಬಲ್ಲದು ಎನ್ನುವುದರ ಮೇಲೆ ನಿಂತಿದೆ.

ತೂಗುವ ಮುನ್ನ ಅಳತೆಗೋಲು

ಹುಟ್ಟಿದ ಮಗುವಿನ ಬುರುಡೆ ಒಂದೇ ಎಲುಬಲ್ಲ. ಹಲವು ತೆಳು ಎಲುಬುಗಳು, ಅವುಗಳ ನಡುವೆ ಡಾಕ್ಟರು ಸೂಚರ್ ಎನ್ನುವ ಸಂದುಗಳು. ಒಳಗೆ ಮಿದುಳು ಬೆಳೆದಂತೆಲ್ಲ ಈ ಸಂದುಗಳಲ್ಲಿ ಹೊಸ ಎಲುಬು ಕೂಡುತ್ತ ಬುರುಡೆ ಹಿಗ್ಗುತ್ತದೆ. ಸುಮಾರು 2000ದಿಂದ 2500 ಹೆರಿಗೆಗೆ ಒಂದರಂತೆ ಯಾವುದಾದರೂ ಒಂದು ಸಂದು ಹೊತ್ತಿಗೆ ಮುನ್ನವೇ ಬೆಸೆದುಕೊಂಡಿರುತ್ತದೆ. ಇದಕ್ಕೆ ಕ್ರೇನಿಯೋಸಿನೋಸ್ಟೋಸಿಸ್ ಎನ್ನುತ್ತಾರೆ. ಆ ದಿಕ್ಕಿಗೆ ಹಿಗ್ಗಲಾಗದ ತಲೆ ಬೇರೆ ದಿಕ್ಕಿಗೆ ಬೆಳೆದು ಆಕಾರ ಕೆಡುತ್ತದೆ.

ಮೊದಲ ಅಳತೆಗೋಲು ವಯಸ್ಸು. ಅದಕ್ಕೆ ಇಷ್ಟು ತೂಕ ಏಕೆ ಎಂಬುದು ಟೇಪು ಹಿಡಿದು ನೋಡಿದರೆ ತಿಳಿಯುತ್ತದೆ. ಹುಟ್ಟಿದಾಗ ತಲೆಯ ಸುತ್ತಳತೆ ಹೆಚ್ಚುಕಡಿಮೆ 35 ಸೆಂ.ಮೀ. ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂ.ಮೀ.ನಂತೆ, ಮುಂದಿನ ಮೂರು ತಿಂಗಳು 1 ಸೆಂ.ಮೀ.ನಂತೆ, ಆಮೇಲಿನ ಆರು ತಿಂಗಳು ಅರ್ಧರ್ಧ ಸೆಂ.ಮೀ.ನಂತೆ ಬೆಳೆಯುತ್ತದೆ. ಅಂದರೆ ಮೊದಲ ವರ್ಷದ ಬೆಳವಣಿಗೆಯಲ್ಲಿ ಅರ್ಧ ಭಾಗ ಮೊದಲ ಮೂರು ತಿಂಗಳಲ್ಲೇ ಮುಗಿದಿರುತ್ತದೆ. ಸಣ್ಣ ಗಾಯದ ಆಪರೇಷನ್ನುಗಳು ನೆಚ್ಚಿಕೊಂಡಿರುವುದು ಈ ಬೆಳವಣಿಗೆಯನ್ನೇ. ಸರ್ಜನ್ ಅಡ್ಡಿ ತೆಗೆಯುತ್ತಾರೆ, ಆಕಾರ ತಿದ್ದುವುದು ಮಿದುಳಿನ ಕೆಲಸ. ಬೆಳವಣಿಗೆಯ ಓಟ ನಿಂತ ಮೇಲೆ ಆ ಕೆಲಸವನ್ನು ಸರ್ಜನ್ನರ ಕೈಯೇ ಮಾಡಬೇಕು.

ಎರಡನೆಯದು ಯಾವ ಸಂದು ಎನ್ನುವುದು. ನೆತ್ತಿಯ ನಡುವೆ ಮುಂದಿನಿಂದ ಹಿಂದಕ್ಕೆ ಹೋಗುವ ಸಜಿಟಲ್ ಸಂದು ಮುಚ್ಚುವುದೇ ಹೆಚ್ಚು, ಒಟ್ಟು ಪ್ರಕರಣಗಳಲ್ಲಿ ಸುಮಾರು ಅರ್ಧ. ಗಂಡುಮಕ್ಕಳಲ್ಲಿ ಜಾಸ್ತಿ. ತಲೆ ದೋಣಿಯ ಹಾಗೆ ಉದ್ದವಾಗಿ, ಪಕ್ಕಗಳಲ್ಲಿ ಅಮುಕಿದಂತಿರುತ್ತದೆ. ಹಣೆಯ ನಡುಗೆರೆ ಮೆಟೋಪಿಕ್ ಮುಚ್ಚಿದರೆ ಮೇಲಿನಿಂದ ನೋಡಿದಾಗ ಹಣೆ ತ್ರಿಕೋನ. ಕಿವಿಯ ಕಡೆಯಿಂದ ನೆತ್ತಿಗೆ ಏರುವ ಕೊರೋನಲ್ ಒಂದು ಬದಿ ಮುಚ್ಚಿದರೆ ಆ ಬದಿಯ ಹಣೆ ಚಪ್ಪಟೆಯಾಗಿ, ಕಣ್ಣಿನ ಗುಳಿ ಮೇಲಕ್ಕೆ ಎಳೆದಂತಾಗಿ, ಮೂಗೂ ಸೊಟ್ಟಗಾಗುತ್ತದೆ. ಹಿಂಬದಿಯ ಲ್ಯಾಂಬ್ಡಾಯ್ಡ್ ಮುಚ್ಚುವುದು ತೀರಾ ಅಪರೂಪ.

ಮೂರನೆಯದು ಒಳಗಿನ ಒತ್ತಡ. 1982ರಲ್ಲಿ ಪ್ಯಾರಿಸ್‌ನ ರೆನಿಯೆ ಮತ್ತು ಸಂಗಡಿಗರು ಇಂಥ ಮಕ್ಕಳ ಬುರುಡೆಯೊಳಗಿನ ಒತ್ತಡವನ್ನು ಅಳೆದು ಪ್ರಕಟಿಸಿದರು. ಒಂದೇ ಸಂದು ಮುಚ್ಚಿದವರಲ್ಲಿ ಸುಮಾರು ಶೇ. 14ರಷ್ಟು, ಒಂದಕ್ಕಿಂತ ಹೆಚ್ಚು ಮುಚ್ಚಿದವರಲ್ಲಿ ಶೇ. 47ರಷ್ಟು ಮಕ್ಕಳಿಗೆ ಒತ್ತಡ ಏರಿತ್ತು. ಒಂದೇ ಸಂದಿನ ಮಗುವಿಗೆ ಸಾಮಾನ್ಯವಾಗಿ ಯೋಚಿಸಲು ಕೆಲವು ವಾರ ಸಿಗುತ್ತದೆ. ಹಲವು ಸಂದಿನ ಮಗುವಿನ ವಿಷಯದಲ್ಲಿ, ಒತ್ತಡ ಏರಿದೆಯೇ ಎಂದು ತಿಳಿಯಲು ಕಣ್ಣಿನ ನರ ಪರೀಕ್ಷೆ ಮಾಡಿಸದೆ ಒಂದು ವಾರವೂ ಕಾಯಬೇಡಿ.

ನಾಲ್ಕನೆಯದು ರಕ್ತ. ಆರು ಕಿಲೋ ತೂಗುವ ಮಗುವಿನ ಮೈಯಲ್ಲಿ ಇರುವುದು ಹೆಚ್ಚೆಂದರೆ ಅರ್ಧ ಲೀಟರ್ ರಕ್ತ. ಅದರಲ್ಲಿ ನೂರು ಮಿ.ಲೀ. ಹೋದರೂ ಐದರಲ್ಲಿ ಒಂದು ಪಾಲು ಹೋದಂತೆ. ಸಾಲದ್ದಕ್ಕೆ ಎರಡು ಮೂರು ತಿಂಗಳ ವಯಸ್ಸಿಗೆ ಎಲ್ಲ ಕೂಸುಗಳ ಹಿಮೋಗ್ಲೋಬಿನ್ ತಾನಾಗಿಯೇ ಕೆಳಗಿಳಿದಿರುತ್ತದೆ.

ಐದನೆಯದನ್ನು ಡಾಕ್ಟರು ಕೇಳುವುದೇ ಕಡಿಮೆ. ಆಪರೇಷನ್ ಮುಗಿದ ಮೇಲಿನ ತಿಂಗಳುಗಳಲ್ಲಿ ಎಷ್ಟು ಸಲ ಬರಬೇಕು, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಇಬ್ಬರೂ ಕೆಲಸಕ್ಕೆ ಹೋಗುವವರೇ? ಖರ್ಚಿನ ಲೆಕ್ಕ ಮಾಡುವಾಗಲೂ ಆಪರೇಷನ್ನಿನ ಬಿಲ್ಲೊಂದನ್ನೇ ನೋಡಬಾರದು. ಹೆಲ್ಮೆಟ್, ಎರಡನೇ ಅರಿವಳಿಕೆ, ಓಡಾಟ, ಕಳೆದುಹೋಗುವ ಕೂಲಿ ಅಥವಾ ಸಂಬಳ ಎಲ್ಲ ಕೂಡಿದರೆ ಅಗ್ಗ ಅಂದುಕೊಂಡದ್ದು ಕೆಲವೊಮ್ಮೆ ತಿರುಗಿಬೀಳುತ್ತದೆ.

ಆಪರೇಷನ್ನೇ ಬೇಡದ ತಲೆಗಳು

ಇದನ್ನು ಮೊದಲು ಹೇಳಲೇಬೇಕು. ಚಪ್ಪಟೆ ತಲೆಯ ಮಕ್ಕಳಲ್ಲಿ ಬಹುಪಾಲಿಗೆ ಯಾವ ಸಂದೂ ಮುಚ್ಚಿರುವುದಿಲ್ಲ. ಹಠಾತ್ ಶಿಶುಮರಣ ತಡೆಯಲು ಕೂಸನ್ನು ಬೋರಲು ಮಲಗಿಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ಕೊಟ್ಟಿತು. ಆ ಸಾವುಗಳು ಗಣನೀಯವಾಗಿ ಇಳಿದವು. ಜತೆಗೇ ಒಂದೇ ಮಗ್ಗುಲಿಗೆ ಮಲಗಿ ಹಿಂದಲೆ ಚಪ್ಪಟೆಯಾದ ಮಕ್ಕಳೂ ಹೆಚ್ಚಾದರು. ಅಂಗಾತ ಮಲಗಿಸುವುದನ್ನು ಇದಕ್ಕಾಗಿ ಬಿಡಬೇಡಿ. ಎಚ್ಚರವಿದ್ದಾಗ ಕಣ್ಣೆದುರಲ್ಲೇ ಬೋರಲು ಹಾಕಿ, ಮಲಗಿಸುವ ದಿಕ್ಕು ಬದಲಿಸಿ, ಕತ್ತು ಒಂದೇ ಕಡೆ ಬಿಗಿದಿದ್ದರೆ ಫಿಸಿಯೋಥೆರಪಿ ಮಾಡಿಸಿ.

ಗುರುತು ಹಿಡಿಯುವುದು ಹೀಗೆ: ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೇರ ಮೇಲಿನಿಂದ ನೋಡಿ. ಚಪ್ಪಟೆಯಾದ ಬದಿಯ ಕಿವಿ ಮುಂದಕ್ಕೆ ಸರಿದು, ಅದೇ ಬದಿಯ ಹಣೆಯೂ ಮುಂದೆ ಬಂದಿದ್ದರೆ ಅದು ಮಲಗಿ ಆದದ್ದು. ಕಿವಿಯ ಹಿಂದೆ ಕೆಳಗಡೆ ಉಬ್ಬು ಇದ್ದು ತಲೆ ಒಟ್ಟಾರೆ ಒಂದು ಬದಿಗೆ ವಾಲಿದಂತಿದ್ದರೆ ತಜ್ಞರಿಗೆ ತೋರಿಸಿ. ಹಣೆ ನಡುವೆ ಬರಿಯ ಗೆರೆಯಂಥ ಏರು ಕಂಡರೂ ಗಾಬರಿ ಬೇಡ. ಮೆಟೋಪಿಕ್ ಸಂದು ಮೊದಲ ವರ್ಷದೊಳಗೆ ಮುಚ್ಚುವುದೇ ಸಹಜ. ಹಣೆ ತ್ರಿಕೋನವಾಗದೆ ಬರೀ ಏರು ಇದ್ದರೆ ಕತ್ತರಿಯ ಅಗತ್ಯ ಇಲ್ಲ.

ಮಲಗಿ ಚಪ್ಪಟೆಯಾದ ತಲೆಗೆ ಹೆಲ್ಮೆಟ್ ಮಾರುವವರಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 84 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ಹೆಲ್ಮೆಟ್ ಹಾಕಿದವರಲ್ಲಿ ಶೇ. 26, ಹಾಕದವರಲ್ಲಿ ಶೇ. 23 ಮಕ್ಕಳ ತಲೆ ಪೂರ್ತಿ ಸರಿಯಾಗಿತ್ತು. ಈ ವ್ಯತ್ಯಾಸಕ್ಕಾಗಿ ನಾನಂತೂ ದುಡ್ಡು ಹಾಕೆನು. ಆಪರೇಷನ್ ಆದ ಮೇಲಿನ ಹೆಲ್ಮೆಟ್ಟಿನ ಕಥೆ ಬೇರೆ, ಎರಡನ್ನೂ ಕಲಸಬೇಡಿ.

ಎಂಡೋಸ್ಕೋಪಿ ಮತ್ತು ಹೆಲ್ಮೆಟ್

ಅಮೆರಿಕದ ಹಿಮೆನೆಜ್ ಮತ್ತು ಬರೋನ್ 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು. ಎರಡು ಮೂರು ಸೆಂ.ಮೀ. ಉದ್ದದ ಒಂದೆರಡು ಗಾಯ ಮಾಡಿ, ಕ್ಯಾಮೆರಾ ತೂರಿಸಿ, ಬೆಸೆದ ಸಂದಿನ ಎಲುಬಿನ ಪಟ್ಟಿಯನ್ನು ತೆಗೆಯುತ್ತಾರೆ. ಸುಮಾರು ಒಂದು ಗಂಟೆಯ ಕೆಲಸ. ರಕ್ತ ಕೊಡಬೇಕಾಗಿ ಬರುವುದು ಕೆಲವೇ ಮಕ್ಕಳಿಗೆ. ಒಂದೆರಡು ರಾತ್ರಿ ಕಳೆದರೆ ಮನೆ.

ಷರತ್ತು ವಯಸ್ಸಿನದು. ಮೂರು ತಿಂಗಳ ಆಸುಪಾಸು ಉತ್ತಮ, ನಾಲ್ಕು ದಾಟಿದರೆ ಫಲ ಇಳಿಯುತ್ತ ಹೋಗುತ್ತದೆ, ಆರರ ನಂತರ ಹೆಚ್ಚಿನ ಕೇಂದ್ರಗಳು ಒಪ್ಪುವುದಿಲ್ಲ. ಎಲುಬು ದಪ್ಪವಾಗಿರುತ್ತದೆ, ಬಾಗುವುದಿಲ್ಲ.

ಇನ್ನೊಂದು ಷರತ್ತು ಮನೆಯವರದು. ದಿನಕ್ಕೆ 23 ಗಂಟೆ ಹೆಲ್ಮೆಟ್. ಸ್ನಾನಕ್ಕೆ ಮಾತ್ರ ತೆಗೆಯುವುದು. ಮಗುವಿಗೆ ಹತ್ತು ಹನ್ನೆರಡು ತಿಂಗಳು ಆಗುವವರೆಗೂ ಇದೇ ಪಾಡು, ತಲೆ ಬೆಳೆದಂತೆ ಹೆಲ್ಮೆಟ್ಟನ್ನೂ ಬದಲಿಸಬೇಕು. ಪ್ರತಿ ಸಲ ತೆಗೆದಾಗ ಚರ್ಮ ನೋಡಬೇಕು: ಕಿವಿಯ ಮೇಲೆ, ಹಿಂದಲೆಯ ಉಬ್ಬಿನಲ್ಲಿ, ಹಣೆಯ ಅಂಚಿನಲ್ಲಿ ಕೆಂಪು ಇದೆಯೇ? ಸ್ವಲ್ಪ ಹೊತ್ತಿನಲ್ಲಿ ಮಾಸುವ ಕೆಂಪು ಪರವಾಗಿಲ್ಲ. ಒಂದು ಗಂಟೆಯಾದರೂ ಹಾಗೇ ಉಳಿದರೆ ಅಲ್ಲಿ ಒತ್ತುತ್ತಿದೆ ಎಂದರ್ಥ, ಹೆಲ್ಮೆಟ್ ಮಾಡಿದವರಿಂದ ಅಲ್ಲಿ ಕೆರೆಸಬೇಕು, ಇಲ್ಲದಿದ್ದರೆ ಹುಣ್ಣು. ಸೆಕೆಗಾಲದಲ್ಲಿ ಒಳಗೆಲ್ಲ ಬೆವರು, ಬೆವರುಸಾಲೆ, ಹುಳಿ ವಾಸನೆ. ಮೊದಲ ವಾರ ಮಗು ಕಿರಿಕಿರಿ ಮಾಡುತ್ತದೆ, ಆಮೇಲೆ ಅದಕ್ಕೆ ಹೆಲ್ಮೆಟ್ ಇರುವುದೇ ಮರೆತಂತಾಗುತ್ತದೆ. ಮರೆಯಲಾಗದೆ ಒದ್ದಾಡುವವರು ದೊಡ್ಡವರು. ನೆಂಟರೆದುರು ಮುಜುಗರವೆಂದು ತೆಗೆದಿಡುವುದು, ರಾತ್ರಿ ಪಾಪ ಎನ್ನಿಸಿ ಬಿಚ್ಚುವುದು, ಹೀಗೆ ಗಂಟೆಗಳು ಕಳೆದುಹೋಗುತ್ತವೆ. ಎಂಟು ಗಂಟೆ ಹಾಕಿದ ಹೆಲ್ಮೆಟ್ 23 ಗಂಟೆಯ ಫಲ ಕೊಡುವುದಿಲ್ಲ.

ಆಕಾರದ ಮಟ್ಟಿಗೆ, ಸಜಿಟಲ್ ಸಂದಿನ ಮಕ್ಕಳಲ್ಲಿ ಹೊತ್ತಿಗೆ ಸರಿಯಾಗಿ ಮಾಡಿಸಿದ ಎಂಡೋಸ್ಕೋಪಿ ತೆರೆದ ಆಪರೇಷನ್ನಿಗೆ ಸಮನಾಗಿ ನಿಲ್ಲುತ್ತದೆ. ಒಂದು ಬದಿಯ ಕೊರೋನಲ್ ಮುಚ್ಚಿದ ಮಕ್ಕಳಲ್ಲಿ ಇನ್ನೊಂದು ಲಾಭವೂ ಕಂಡಿದೆ. ಬೇಗ ಎಂಡೋಸ್ಕೋಪಿ ಆದವರಲ್ಲಿ ಮೆಳ್ಳೆಗಣ್ಣಿನ ತೊಂದರೆ, ತಡವಾಗಿ ಹಣೆ ತಿದ್ದಿಸಿಕೊಂಡವರಿಗಿಂತ ಸೌಮ್ಯ.

ಸ್ಪ್ರಿಂಗ್

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲೌರಿಟ್ಸೆನ್ 1990ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲೂ ಸಜಿಟಲ್ ಮಕ್ಕಳಿಗೆ ಇದನ್ನು ಮಾಡುತ್ತಾರೆ. ಬೆಸೆದ ಸಂದನ್ನು ಸೀಳಿ, ನಡುವೆ ಸ್ಟೀಲ್ ತಂತಿಯ ಸ್ಪ್ರಿಂಗುಗಳನ್ನು ಅಮುಕಿ ಕೂರಿಸುತ್ತಾರೆ. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನ ಕೆಲಸವನ್ನು ತಿರುವುಮುರುವು ಮಾಡಿದಂತೆ, ಅವು ಎಲುಬುಗಳನ್ನು ಮೆಲ್ಲಗೆ ಆಚೀಚೆ ತಳ್ಳುತ್ತವೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಮಾಡುತ್ತಾರೆ.

ಹೆಲ್ಮೆಟ್ಟಿನ ಕಾಟ ಇಲ್ಲ, ರಕ್ತ ಕಡಿಮೆ, ಆಸ್ಪತ್ರೆವಾಸವೂ ಕಡಿಮೆ. ಬದಲಿಗೆ ಕೆಲವು ತಿಂಗಳ ನಂತರ ಸ್ಪ್ರಿಂಗ್ ತೆಗೆಯಲು ಎರಡನೇ ಸಲ ಅರಿವಳಿಕೆ ಕೊಡಬೇಕು. ಅಪರೂಪಕ್ಕೆ ಸ್ಪ್ರಿಂಗ್ ಜಾರುವುದು, ಚರ್ಮದಡಿ ಚುಚ್ಚಿದಂತೆ ಎದ್ದು ಕಾಣುವುದು ಉಂಟು. ಒಮ್ಮೆ ಕೂರಿಸಿದ ಮೇಲೆ ಅದರ ಬಲವನ್ನು ಹೊರಗಿನಿಂದ ಹೆಚ್ಚುಕಡಿಮೆ ಮಾಡಲಾಗದು. ಹೆಲ್ಮೆಟ್ ಅಳತೆಗೆ ಪದೇ ಪದೇ ಬರಲಾಗದ, ದೂರದಲ್ಲಿರುವ ಮನೆಯವರಿಗೆ ಇದು ನಿಜಕ್ಕೂ ಒಳ್ಳೆಯ ನಡುದಾರಿ. ಹತ್ತಿರದಲ್ಲಿ ಇದನ್ನು ಮಾಡುವವರು ಸಿಗಬೇಕಷ್ಟೇ.

ತಲೆ ತೆರೆದು ಮಾಡುವ ಆಪರೇಷನ್

ಇದು ಹೆಚ್ಚಾಗಿ ಆರರಿಂದ ಹನ್ನೆರಡು ತಿಂಗಳ ನಡುವೆ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನೆತ್ತಿಯ ಮೇಲೆ ಅಂಕುಡೊಂಕಾಗಿ ಕುಯ್ದು (ನೇರ ಗೆರೆಯಾದರೆ ಒದ್ದೆ ಕೂದಲಲ್ಲಿ ಗಾಯದ ಗುರುತು ಎದ್ದು ಕಾಣುತ್ತದೆ), ಬುರುಡೆಯ ಎಲುಬುಗಳನ್ನು ಬಿಡಿಸಿ, ಕತ್ತರಿಸಿ, ಬಾಗಿಸಿ, ಹೊಸ ಆಕಾರಕ್ಕೆ ಜೋಡಿಸುತ್ತಾರೆ. ಹಿಡಿದಿಡಲು ಮೈಯಲ್ಲೇ ಕರಗುವ ಪ್ಲೇಟು, ಸ್ಕ್ರೂ. ಹಣೆ ಮತ್ತು ಕಣ್ಣುಗುಳಿಯ ಮೇಲಂಚನ್ನು ಒಟ್ಟಿಗೆ ಮುಂದೆ ತರುವುದು ಮೆಟೋಪಿಕ್ ಮತ್ತು ಕೊರೋನಲ್ ಮಕ್ಕಳಿಗೆ ಮಾಡುವ ಬಗೆ. 1960ರ ದಶಕದಲ್ಲಿ ಫ್ರಾನ್ಸಿನ ಪಾಲ್ ಟೆಸಿಯೆ ಹಾಕಿಕೊಟ್ಟ ದಾರಿ ಇದಕ್ಕೆ ಮೂಲ.

ಇದರ ಬೆಲೆ ಏನು? ಮೂರು ಗಂಟೆಯಿಂದ ಆರು ಗಂಟೆ ಅರಿವಳಿಕೆ, ಬಹುತೇಕ ಮಕ್ಕಳಿಗೆ ರಕ್ತ, ಐಸಿಯುವಿನಲ್ಲಿ ಒಂದೆರಡು ದಿನ, ಒಟ್ಟು ಐದಾರು ದಿನ ಆಸ್ಪತ್ರೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ರಕ್ತಸ್ರಾವವನ್ನು ಗಣನೀಯವಾಗಿ ತಗ್ಗಿಸುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಕೊಡುತ್ತಾರೆಯೇ ಕೇಳಿ. ಬುರುಡೆಯ ರಕ್ತನಾಳದೊಳಗೆ ಗಾಳಿ ಸೇರುವ ಅಪಾಯವೂ ಇದೆ, ಅದಕ್ಕೇ ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇರಲೇಬೇಕು. ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಶೇ. 1ಕ್ಕಿಂತ ಸಾಕಷ್ಟು ಕಡಿಮೆ.

ಎರಡನೇ ದಿನಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಮೊದಲ ದಿನ ಪರವಾಗಿಲ್ಲ ಎನ್ನಿಸಿದ ಮುಖ ಎರಡನೇ ದಿನ ಊದಿಕೊಂಡು ರೆಪ್ಪೆಗಳು ಪೂರ್ತಿ ಮುಚ್ಚಿಹೋಗುತ್ತವೆ. ಮಗುವಿಗೆ ಏನೂ ಕಾಣದು, ದನಿ ಹುಡುಕುತ್ತ ತಲೆ ಆಡಿಸುತ್ತದೆ, ಕೈ ಹಿಡಿದರೆ ಬೆರಳು ಬಿಡುವುದಿಲ್ಲ. ತಲೆಯ ಕಡೆ ಹಾಸಿಗೆ ಎತ್ತರಿಸಿ, ಹತ್ತಿರ ಕೂತು ಮಾತಾಡುತ್ತಿರುವುದೇ ಆ ಹೊತ್ತಿನ ಶುಶ್ರೂಷೆ. ಮೂರನೇ ನಾಲ್ಕನೇ ದಿನಕ್ಕೆ ಒಂದು ಕಣ್ಣು ಸೀಳಿದಂತೆ ತೆರೆಯುತ್ತದೆ. ಮೊದಲೇ ಗೊತ್ತಿಲ್ಲದ ಮನೆಯವರು ಇದನ್ನು ಅನಾಹುತವೆಂದೇ ತಿಳಿಯುತ್ತಾರೆ. ಹೇಳಿರಬೇಕಾದದ್ದು ಆಸ್ಪತ್ರೆಯ ಕರ್ತವ್ಯ, ಎಷ್ಟೋ ಕಡೆ ಹೇಳಿರುವುದಿಲ್ಲ.

ಲಾಭ ಏನೆಂದರೆ ಫಲ ಆಪರೇಷನ್ ಟೇಬಲ್ಲಿನ ಮೇಲೇ ಕಾಣುತ್ತದೆ. ಹೆಲ್ಮೆಟ್ ಇಲ್ಲ, ವಾರ ವಾರ ಓಡಾಟ ಇಲ್ಲ. ತಡವಾಗಿ ಗೊತ್ತಾದ ಮಗುವಿಗೆ ಉಳಿದಿರುವುದೂ ಇದೇ. ಕೆಡುಕೆನ್ನಲಾಗದು. ಆದರೂ ಒಂದೂವರೆ ಎರಡು ವರ್ಷ ದಾಟಿದರೆ ಬುರುಡೆಯ ಖಾಲಿ ಜಾಗಗಳನ್ನು ಹೊಸ ಎಲುಬಿನಿಂದ ತುಂಬಿಕೊಳ್ಳುವ ಶಕ್ತಿ ಕುಗ್ಗುತ್ತದೆ, ಹಾಗಾಗಿ 'ಕಾಯಬಹುದು' ಎಂಬ ಮಾತಿಗೂ ಕೊನೆ ಉಂಟು.

ನನ್ನ ತೀರ್ಪು ಕೇಳಿದರೆ ಹೀಗೆ: ಮಗುವಿಗೆ ಹತ್ತು ಹನ್ನೆರಡು ವಾರ, ಸಜಿಟಲ್ ಒಂದೇ ಮುಚ್ಚಿದೆ, ಹೆಲ್ಮೆಟ್ ಮಾಡುವವರು ಕೈಗೆಟಕುವ ದೂರದಲ್ಲಿದ್ದಾರೆ, ಮನೆಯಲ್ಲಿ ನೋಡಿಕೊಳ್ಳುವ ಒಬ್ಬರಿದ್ದಾರೆ ಎಂದಾದರೆ ಎಂಡೋಸ್ಕೋಪಿ. ವಯಸ್ಸು ಅಷ್ಟೇ, ಆದರೆ ಓಡಾಟ ಅಸಾಧ್ಯ ಎಂದಾದರೆ ಸ್ಪ್ರಿಂಗ್. ಏಳು ತಿಂಗಳಿಗೆ ಗೊತ್ತಾಗಿದೆ, ಅಥವಾ ಹಣೆ, ಕಣ್ಣುಗುಳಿ ತುಂಬಾ ಹಿಂದೆ ಸರಿದಿದೆ ಎಂದಾದರೆ ತೆರೆದ ಆಪರೇಷನ್. ನಾಲ್ಕೂವರೆ ಐದು ತಿಂಗಳ ಮಕ್ಕಳದೇ ನಿಜವಾದ ಇಕ್ಕಟ್ಟು. ಅಲ್ಲಿ ವಿಧಾನಕ್ಕಿಂತ ಆ ಸರ್ಜನ್ ಯಾವುದನ್ನು ಹೆಚ್ಚು ಮಾಡಿದ್ದಾರೆ ಎಂಬುದಕ್ಕೇ ನಾನು ಬೆಲೆ ಕೊಡುವೆ.

ಬುದ್ಧಿಯ ಮಾತು ಬಂದೇ ಬರುತ್ತದೆ. ಒಂದೇ ಸಂದು ಮುಚ್ಚಿದ ಮಕ್ಕಳಲ್ಲಿ ಹೆಚ್ಚಿನವರು ಎಲ್ಲರಂತೆ ಶಾಲೆಗೆ ಹೋಗುತ್ತಾರೆ. ಆದರೂ ಮಾತು ತಡ, ಓದು ಬರಹದಲ್ಲಿ ತೊಡಕು ಇವರಲ್ಲಿ ಉಳಿದವರಿಗಿಂತ ತುಸು ಹೆಚ್ಚು, ಆಪರೇಷನ್ ಚೆನ್ನಾಗಿ ಆದರೂ. 'ನಮ್ಮ ವಿಧಾನದಲ್ಲಿ ಮಗು ಹೆಚ್ಚು ಬುದ್ಧಿವಂತ ಆಗುತ್ತೆ' ಎಂದು ಯಾರಾದರೂ ಹೇಳಿದರೆ ಅಂಥವರಿಂದ ದೂರ ಇರಿ. ತಲೆಯ ಆಕಾರ ಸರಿಯಾಯಿತೆಂದು ಫಾಲೋಅಪ್ ಬಿಡಬೇಡಿ. ಕೆಲವರಲ್ಲಿ ವರ್ಷಗಳ ನಂತರ ಒತ್ತಡ ಏರುವುದುಂಟು, ಅದು ಮೊದಲು ಕಾಣುವುದು ಕಣ್ಣಿನ ಡಾಕ್ಟರಿಗೆ.

ಸಿಂಡ್ರೋಮ್ ಇರುವ ಮಕ್ಕಳು

ಎಪರ್ಟ್, ಕ್ರೂಝೋನ್, ಫೈಫರ್, ಮುಂಕೆ ಮುಂತಾದವು ಜೀನ್‌ಗಳ ಬದಲಾವಣೆಯಿಂದ ಬರುವಂಥವು. ಕೈಬೆರಳು ಕೂಡಿರುವುದು, ಕಣ್ಣುಗುಡ್ಡೆ ಮುಂದೆ ಬಂದಿರುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು ಜೊತೆಗಿರಬಹುದು. ಇವರಿಗೆ 'ಯಾವ ಆಪರೇಷನ್' ಎಂಬುದಕ್ಕಿಂತ 'ಯಾವ ಕ್ರಮದಲ್ಲಿ' ಎಂಬುದು ಮುಖ್ಯ. ಮೊದಲ ವರ್ಷದಲ್ಲೇ ಹಿಂದಲೆ ಹಿಗ್ಗಿಸಿ ಮಿದುಳಿಗೆ ಜಾಗ ಮಾಡಿಕೊಡುವುದು ಈಗ ಹಲವು ಕಡೆ ಮೊದಲ ಹೆಜ್ಜೆ. ಎಲುಬು ಕತ್ತರಿಸಿ ಡಿಸ್ಟ್ರಾಕ್ಟರ್ ಕೂರಿಸಿ, ದಿನಕ್ಕೆ ಹೆಚ್ಚುಕಡಿಮೆ 1 ಮಿ.ಮೀ.ನಂತೆ ತಿರುಪು ತಿರುಗಿಸುತ್ತ ವಾರಗಟ್ಟಲೆ ಹಿಗ್ಗಿಸುತ್ತಾರೆ. ಹಣೆ, ಆಮೇಲೆ ಮುಖದ ನಡುಭಾಗ ಮುಂದಿನ ವರ್ಷಗಳಲ್ಲಿ. ಕೊರೋನಲ್ ಸಂದು ಮುಚ್ಚಿದ ಮಗುವಿಗೆ, ಬೇರೇನೂ ಲಕ್ಷಣ ಇಲ್ಲದಿದ್ದರೂ, ಜೀನ್ ಪರೀಕ್ಷೆ ಮಾಡಿಸುವುದು ಲೇಸು. ಮುಂಕೆ ಇದ್ದರೆ ಮತ್ತೊಂದು ಆಪರೇಷನ್ ಬೇಕಾಗುವ ಸಂಭವ ಹೆಚ್ಚು, ಕಿವಿ ಕೇಳಿಸದಿರುವ ತೊಂದರೆಯೂ ಇರಬಹುದು. ಈ ಮಕ್ಕಳನ್ನು ಪ್ಲಾಸ್ಟಿಕ್ ಸರ್ಜನ್, ನ್ಯೂರೋಸರ್ಜನ್, ಕಣ್ಣು, ಕಿವಿಯವರು ಒಟ್ಟಿಗೆ ನೋಡುವ ಕಡೆಗೇ ಒಯ್ಯಬೇಕು, ದೂರವಾದರೂ ಸರಿ.

ತಲೆಯಲ್ಲಿ ನೀರು: ಶಂಟೋ, ರಂಧ್ರವೋ

ಹುಟ್ಟಿನಿಂದ ಬರುವ ಮಿದುಳಿನ ತೊಂದರೆಗಳಲ್ಲಿ ಜನ ಗೊಂದಲಕ್ಕೆ ಬೀಳುವ ಇನ್ನೊಂದು ಕವಲು ಹೈಡ್ರೋಕೆಫಾಲಸ್. ಮಿದುಳಿನೊಳಗಿನ ನೀರು ಹರಿದುಹೋಗದೆ ತುಂಬಿಕೊಂಡಾಗ ಎರಡು ದಾರಿ. ಒಂದು, ಶಂಟ್: ವಾಲ್ವ್ ಇರುವ ಸಣ್ಣ ಕೊಳವೆಯನ್ನು ಚರ್ಮದಡಿ ಹಾಯಿಸಿ ನೀರನ್ನು ಹೊಟ್ಟೆಗೆ ಇಳಿಸುವುದು. ಇನ್ನೊಂದು ಇಟಿವಿ: ಎಂಡೋಸ್ಕೋಪ್ ತೂರಿಸಿ ಮೂರನೇ ಕುಹರದ ತಳದಲ್ಲಿ ರಂಧ್ರ ಮಾಡಿ ನೀರಿಗೆ ಅಡ್ಡದಾರಿ ಕೊಡುವುದು. ಮೈಯಲ್ಲಿ ಯಾವ ವಸ್ತುವೂ ಉಳಿಯುವುದಿಲ್ಲ.

ಕೊಳವೆಯಿಲ್ಲದ್ದೇ ಮೇಲು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಟಿವಿ ಎಲ್ಲರಿಗೂ ಒಪ್ಪುವುದಿಲ್ಲ. ಕೆನಡಾದ ಕುಲಕರ್ಣಿ ಮತ್ತು ಸಂಗಡಿಗರು 2009ರಲ್ಲಿ ಕೊಟ್ಟ ಅಂಕಪಟ್ಟಿ ಇಲ್ಲಿ ತುಂಬ ಉಪಯುಕ್ತ. ವಯಸ್ಸಿಗೆ: ಒಂದು ತಿಂಗಳೊಳಗೆ 0, ಆರು ತಿಂಗಳೊಳಗೆ 10, ವರ್ಷದೊಳಗೆ 30, ಹತ್ತು ವರ್ಷದೊಳಗೆ 40, ಅದರ ಮೇಲೆ 50. ಕಾರಣಕ್ಕೆ: ಸೋಂಕಿನಿಂದ ಆದದ್ದಕ್ಕೆ 0, ಮಿದುಳಿನ ರಕ್ತಸ್ರಾವ ಅಥವಾ ಬೆನ್ನುಹುರಿಯ ದೋಷಕ್ಕೆ 20, ಮಿದುಳಿನೊಳಗಿನ ಕಿರುನಾಳ ಕಟ್ಟಿದ್ದರೆ 30. ಹಿಂದೆ ಶಂಟ್ ಹಾಕಿಲ್ಲದಿದ್ದರೆ ಇನ್ನು 10. ಕೂಡಿದ ಮೊತ್ತವೇ ಆರು ತಿಂಗಳ ಮಟ್ಟಿಗೆ ಇಟಿವಿ ನಿಲ್ಲುವ ಶೇಕಡಾವಾರು ಅಂದಾಜು. ಮೂರು ತಿಂಗಳ ಕೂಸಿಗೆ ಮಿದುಳುಜ್ವರದ ನಂತರ ನೀರು ತುಂಬಿದ್ದರೆ 10, 0, 10: ಬರೀ 20. ನಾಲ್ಕು ವರ್ಷದ ಮಗುವಿಗೆ ನಾಳ ಕಟ್ಟಿದ್ದರೆ 40, 30, 10: 80. ಮೊದಲ ಮಗುವಿಗೆ ಬರೀ ಇಟಿವಿ ಮಾಡಿಸುವುದು ಹೆಚ್ಚುಕಡಿಮೆ ಜೂಜು, ಎರಡನೆಯದಕ್ಕೆ ಶಂಟ್ ಹಾಕಿಸುವುದು ಆತುರ.

ಶಂಟಿನ ಬಲ ಏನೆಂದರೆ ಅದು ಯಾವ ಕಾರಣಕ್ಕೆ ತುಂಬಿದ ನೀರಿಗೂ ಕೆಲಸ ಮಾಡುತ್ತದೆ, ಎಳೆಗೂಸಿಗೂ ಆಗುತ್ತದೆ. ಅದರ ಕೊರತೆ ಬಾಳಿಕೆ. 1998ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮಕ್ಕಳ ಶಂಟುಗಳಲ್ಲಿ ಸುಮಾರು ಶೇ. 40 ಒಂದು ವರ್ಷದೊಳಗೆ ಕೆಟ್ಟವು, ವಾಲ್ವಿನ ಬಗೆ ಬದಲಿಸಿದರೂ ವ್ಯತ್ಯಾಸ ಕಾಣಲಿಲ್ಲ. ದುಬಾರಿ ವಾಲ್ವ್ ತೋರಿಸುವವರ ಮುಂದೆ ಇದು ನೆನಪಿರಲಿ. ಉಗಾಂಡದಲ್ಲಿ ಬೆಂಜಮಿನ್ ವಾರ್ಫ್ ಭಾರತದಲ್ಲಿ ತಯಾರಾಗುವ ಅಗ್ಗದ ಛಾಬ್ರಾ ಶಂಟನ್ನು ಅದರ ಹಲವು ಪಟ್ಟು ಬೆಲೆಯ ಕಾಡ್‌ಮನ್ ಶಂಟಿನೊಂದಿಗೆ ಹೋಲಿಸಿದಾಗಲೂ ಒಂದು ವರ್ಷದ ಫಲದಲ್ಲಿ ಅಂತರ ಇರಲಿಲ್ಲ. ಹಣ ಹೆಚ್ಚು ಹಾಕುವುದಿದ್ದರೆ ಆಂಟಿಬಯಾಟಿಕ್ ಸೇರಿಸಿದ ಕೊಳವೆಗೆ ಹಾಕಿ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೋಂಕು ಸುಮಾರು ಶೇ. 6ರಿಂದ ಶೇ. 2ಕ್ಕೆ ಇಳಿದಿತ್ತು. ಬೆಳ್ಳಿ ಲೇಪದ ಕೊಳವೆಯಿಂದ ಪ್ರಯೋಜನ ಕಾಣಲಿಲ್ಲ.

ಎಳೆಗೂಸುಗಳಿಗೆ ಇಟಿವಿಯ ಜೊತೆಗೆ ನೀರು ಒಸರುವ ಅಂಗಾಂಶವನ್ನೂ ಸುಡುವ ವಿಧಾನವನ್ನು ವಾರ್ಫ್ ಅವರೇ ಬೆಳೆಸಿದರು. ಶಂಟ್ ಕೆಟ್ಟಾಗ ಆಸ್ಪತ್ರೆಗೆ ಹೊತ್ತಿಗೆ ತಲುಪಲಾಗದ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಉಗಾಂಡದಲ್ಲಿಯೇ 100 ಕೂಸುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರದ ಬುದ್ಧಿಬೆಳವಣಿಗೆಯಲ್ಲಿ ಶಂಟ್ ಗುಂಪಿಗೂ ಇದಕ್ಕೂ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಇಲ್ಲಿ ದೂರವೇ ದೊಡ್ಡ ಅಳತೆಗೋಲು. ರಾತ್ರಿ ಹೊತ್ತಲ್ಲಿ ನ್ಯೂರೋಸರ್ಜನ್ ಇರುವ ಆಸ್ಪತ್ರೆಗೆ ಬೇಗ ತಲುಪಬಲ್ಲಿರಾದರೆ ಶಂಟಿನ ಭಯ ಅರ್ಧ ಕಡಿಮೆ. ತಲುಪಲಾಗದಿದ್ದರೆ ಇಟಿವಿ ಸಾಧ್ಯವೇ ಎಂದು ಪಟ್ಟು ಹಿಡಿದು ಕೇಳಿ. ಯಾವುದೇ ಮಾಡಿಸಿದರೂ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಕೆಳಗೇ ನೆಟ್ಟ ಕಣ್ಣು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಇಟಿವಿಯ ರಂಧ್ರವೂ ವರ್ಷಗಳ ನಂತರ ಅಪರೂಪಕ್ಕೆ ಮುಚ್ಚಿಕೊಳ್ಳುತ್ತದೆ.

ಬುರುಡೆಯ ತೂತಿನಿಂದ ಮಿದುಳು ಹೊರಬಂದಿದ್ದರೆ

ಹೀಗೆ ಮಿದುಳು ಅಥವಾ ಅದರ ಪೊರೆ ಚೀಲದಂತೆ ಹೊರಬರುವ ಎನ್‌ಸೆಫಲೋಸೀಲ್‌ನಲ್ಲಿ ಆಯ್ಕೆಗಳು ಕಡಿಮೆ. ಚೀಲದ ಮೇಲೆ ಚರ್ಮ ಇಲ್ಲದಿದ್ದರೆ ಅಥವಾ ನೀರು ಸೋರುತ್ತಿದ್ದರೆ ಕೂಡಲೇ ಮುಚ್ಚಬೇಕು, ಮಿದುಳಿಗೆ ಸೋಂಕು ತಗಲುತ್ತದೆ. ಗಟ್ಟಿ ಚರ್ಮ ಇದ್ದರೆ ಕೂಸು ತುಸು ಬಲಿಯುವವರೆಗೆ ಕಾಯಬಹುದು. ಫಲವನ್ನು ನಿರ್ಧರಿಸುವುದು ಸರ್ಜನ್ನರ ಕೈಗಿಂತ ಚೀಲದೊಳಗೆ ಏನಿದೆ ಎಂಬುದು. ಬರೀ ನೀರು ಮತ್ತು ಪೊರೆ ಇದ್ದರೆ, ಅಥವಾ ಮೂಗಿನ ಬುಡದ ಕಡೆ ಇದ್ದರೆ ಒಳ್ಳೆಯ ನಿರೀಕ್ಷೆ ಇಟ್ಟುಕೊಳ್ಳಬಹುದು. ಹಿಂದಲೆಯಲ್ಲಿ ದೊಡ್ಡ ಚೀಲ, ಅದರೊಳಗೆ ಬಹಳಷ್ಟು ಮಿದುಳು, ಜೊತೆಗೆ ತಲೆ ಚಿಕ್ಕದು ಎಂದಾದರೆ ಆಪರೇಷನ್ ಚೆನ್ನಾಗಿ ಆದರೂ ಬೆಳವಣಿಗೆ ಹಿಂದುಳಿಯುವ ಸಂಭವ ಹೆಚ್ಚು. ಎಂಆರ್‌ಐ ಮಾಡಿಸದೆ ಯಾರೂ ಭರವಸೆ ಕೊಡಲಾರರು, ಹೆದರಿಸಲೂಬಾರದು.

ಡಾಕ್ಟರ ಎದುರು ಕೂತಾಗ

'ಚೆನ್ನಾಗಿ ಆಗುತ್ತಾ?' ಎಂದು ಕೇಳಿದರೆ 'ಆಗುತ್ತೆ' ಎಂಬ ಉತ್ತರವೇ ಬರುವುದು. ಬದಲಿಗೆ, ಈ ವಿಧಾನವನ್ನು ವರ್ಷಕ್ಕೆ ಎಷ್ಟು ಮಕ್ಕಳಿಗೆ ಮಾಡುತ್ತೀರಿ, ಅವರಲ್ಲಿ ಎಷ್ಟು ಜನಕ್ಕೆ ರಕ್ತ ಕೊಡಬೇಕಾಯಿತು, ಎಷ್ಟು ಜನಕ್ಕೆ ಮತ್ತೆ ಆಪರೇಷನ್ ಆಯಿತು ಎಂದು ಕೇಳಿ. ನೀವು ಮಾಡದ ವಿಧಾನ ನನ್ನ ಮಗುವಿಗೆ ಹೆಚ್ಚು ಒಪ್ಪುತ್ತದೆಯೇ, ಒಪ್ಪುವುದಾದರೆ ಎಲ್ಲಿ ಮಾಡುತ್ತಾರೆ ಎಂದೂ ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರವೇ. ಸಿಟಿ ಸ್ಕ್ಯಾನ್ ಒಮ್ಮೆ ಆಗಿದ್ದರೆ ಅದರ ಸಿಡಿ ಇಟ್ಟುಕೊಂಡು ಹೋಗಿ, ಎರಡನೇ ಅಭಿಪ್ರಾಯಕ್ಕೆಂದು ಎಳೆಗೂಸಿಗೆ ಮತ್ತೊಮ್ಮೆ ವಿಕಿರಣ ಬೇಡ.

ಎರಡನೇ ಅಭಿಪ್ರಾಯ ಕೇಳುವುದಿದ್ದರೆ ತಿಂಗಳು ಎಣಿಸಿಕೊಂಡು ಕೇಳಿ. ಹತ್ತು ವಾರದ ಮಗುವಿಗೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್ ಕೊಟ್ಟರೆ ಒಪ್ಪಿಕೊಳ್ಳಬೇಡಿ. 'ಎಂಡೋಸ್ಕೋಪಿಗೆ ವಯಸ್ಸು ಮೀರುತ್ತದೆ, ಈ ವಾರವೇ ನೋಡಿ' ಎಂದು ಫೋನಿನಲ್ಲೇ ಹೇಳಿ. ಎಂಟು ತಿಂಗಳ ಮಗುವಾದರೆ, ಒಂದೇ ಸಂದು ಮುಚ್ಚಿದ್ದು ಕಣ್ಣಿನ ನರ ಸರಿಯಿದ್ದರೆ, ಎರಡು ಮೂರು ಕಡೆ ಕೇಳಿ ಬರಲು ಸಮಯ ಇದೆ.